ಮೀನು ತಿನ್ನದ ಊರು

ಇವತ್ತು ಬೆಳಿಗ್ಗೆ ಅಂಗಳ ಗುಡಿಸಲು ಹೊರಗೆ ಬಂದರೆ ಮೂಗಿಗೆ ಸಾಂಬ್ರಾಣಿ ಹೊಗೆ ಬಡಿಯಿತು. ಸೋಮವಾರವಲ್ಲ, ಅಮಾವಾಸ್ಯೆಯಲ್ಲ, ಹೊಗೆ ಎದ್ದ ಮನೆಯಲ್ಲಿ ಬಾಣಂತಿಯೂ ಇಲ್ಲ. ನೀವು ಪರಸ್ಥಳದವರಾದರೆ ಎಂಥ ಭಕ್ತಿವಂತರ ಬೀದಿಯಪ್ಪಾ ಎಂದುಕೊಳ್ಳುತ್ತೀರಿ. ಈ ಬೀದಿಯಲ್ಲೇ ಹಲ್ಲು ಉದುರಿಸಿಕೊಂಡ ನನಗೆ ಗೊತ್ತು, ಹೊತ್ತಲ್ಲದ ಹೊತ್ತಿನಲ್ಲಿ ಸಾಂಬ್ರಾಣಿ ಎದ್ದರೆ ಒಳಗೆ ಮೀನು ಕುದಿಯುತ್ತಿದೆ. ಅಭ್ಯಾಸ ಎಷ್ಟು ಹಳೆಯದೆಂದರೆ ಮಠದಲ್ಲಿ ಧೂಪ ಹಾಕಿದಾಗಲೂ ನನಗೆ ಶಿವ ನೆನಪಾಗುವ ಮೊದಲು ಹುಣಸೆಹುಳಿ ನೆನಪಾಗುತ್ತದೆ. ಪಾಪ ಬಂದರೆ ಬರಲಿ, ನಾಲಿಗೆಗೆ ಬುದ್ಧಿ ಹೇಳುವ ವಯಸ್ಸು ದಾಟಿತು.

ನಮ್ಮದು ಕಡೂರಿನಿಂದ ಕೆಳಗೆ, ವೇದಾವತಿಯ ದಂಡೆಯ ಊರು. ಲಿಂಗ ಕಟ್ಟಿದವರೇ ಹೆಚ್ಚು. ಊರ ಮಠದ ಹಿಂದೆ ಹೊಳೆ ಮಡುವಾಗಿ ನಿಲ್ಲುತ್ತದೆ. ಆ ಮಡುವಿನಲ್ಲಿರುವುದು ದೇವರ ಮೀನು. ಹರಕೆ ಹೊತ್ತವರು ಮಂಡಕ್ಕಿ ತಂದು ಸುರಿಯುತ್ತಾರೆ, ಮೀನು ಬಾಯಿ ತೆರೆದು ಮೇಲೆ ಬಂದರೆ ಹರಕೆ ಮುಟ್ಟಿತೆಂದು ಕೆನ್ನೆ ಬಡಿದುಕೊಳ್ಳುತ್ತಾರೆ. ಹಸಿದ ಮೀನು ಬಾಯಿ ತೆರೆಯದೆ ಇನ್ನೇನು ಮಾಡುತ್ತದೆ? ಮಡು ಮುಗಿಯುವಲ್ಲಿ ಒಂದು ನೆಟ್ಟ ಕಲ್ಲಿದೆ. ಕಲ್ಲಿನ ಮೇಲ್ಗಡೆ ಈಜುವ ಮೀನಿಗೆ ಕೈಮುಗಿಯುತ್ತಾರೆ, ಅದೇ ಮೀನು ಕಲ್ಲು ದಾಟಿ ಕೆಳಗೆ ಬಂದರೆ ಮನೆಯಲ್ಲಿ ಮಸಾಲೆ ಅರೆಯುತ್ತಾರೆ. ಈ ಕಟ್ಟಳೆಯನ್ನು ಮೀನಿಗೆ ಮಾತ್ರ ಯಾರೂ ತಿಳಿಸಿಲ್ಲ.

ಕಲ್ಲಿನ ಕೆಳಗೆ, ನಮ್ಮ ತೋಟಕ್ಕೆ ಅಂಟಿಕೊಂಡು ಮಾಬೂಬಿಯ ತೋಟ. ಅವಳೂ ನಾನೂ ಒಂದೇ ವರ್ಷ ಈ ಹೊಳೆದಂಡೆಗೆ ಸೊಸೆಯರಾಗಿ ಬಂದವರು. ಅವಳ ಗಂಡ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಮಠದ ಹಂಡೆ, ಕೊಳಗಗಳೆಲ್ಲ ಅವನ ಕೈಯಲ್ಲೇ ಬೆಳ್ಳಗಾದವು. ಈಗ ಅವನಿಲ್ಲ. ಮಗ ಖಲೀಲ ತೋಟ ನೋಡಿಕೊಂಡು, ಬಿಡುವಾದಾಗ ಬಲೆ ಬೀಸುತ್ತಾನೆ. ನಮ್ಮ ಬೀದಿಯ ಹೆಂಗಸರು ಕರಿಬೇವು ಬೇಕೆಂದು ಅವಳ ತೋಟಕ್ಕೆ ಹೋಗುತ್ತಾರೆ. ಬರುವಾಗ ಬುಟ್ಟಿಯಲ್ಲಿ ಮೇಲೆ ಕರಿಬೇವು, ಕೆಳಗೆ ಮೀನು. ಮಾಬೂಬಿ ಮನೆಯೊಳಗೆ ದಖನಿ ಆಡುತ್ತಾಳೆ, ನನ್ನ ಹತ್ತಿರ ಬೈಯುವುದಕ್ಕೆ ಕನ್ನಡವೇ ಅವಳಿಗೆ ಅನುಕೂಲ. "ನಿಮ್ಮೋರು ಕರಿಬೇವು ತಿಂದೂ ತಿಂದೂ ನನ್ ಗಿಡ ಬೋಳಾಯ್ತು ಕಣಕ್ಕ. ಇನ್ಮೇಲೆ ಕೊತ್ತಂಬರಿ ಹೆಸರು ಹೇಳ್ಕಂಡು ಬರಾಕ್ ಹೇಳು" ಎನ್ನುತ್ತಿದ್ದಳು.

ಎರಡು ವರ್ಷದ ಹಿಂದಿನ ಮಾತು. ಅವಳ ಮೊಮ್ಮಗಳು ನಸ್ರೀನ್ ಚೊಚ್ಚಲ ಬಸುರಿ, ಹೆರಿಗೆಗೆಂದು ಅಜ್ಜಿಯ ಮನೆಗೆ ಬಂದಿದ್ದಳು. ಮೈಯಲ್ಲಿ ರಕ್ತ ಕಡಿಮೆ, ಸೊಪ್ಪು ಮೀನು ಚೆನ್ನಾಗಿ ತಿನ್ನಿಸಿ ಎಂದು ಕಡೂರಿನ ಡಾಕ್ಟರಮ್ಮ ಹೇಳಿದ್ದರು. ಖಲೀಲ ದಿನಾ ಬಲೆ ಬೀಸಿದ, ಹುಡುಗಿ ದಿನಾ ತಿಂದಳು. ಎಲ್ಲ ಸರಿಯಾಗಿಯೇ ಇತ್ತು, ಹೊಳೆಯೊಂದು ಬಿಟ್ಟು. ಅಜ್ಜಂಪುರದ ಕಡೆಯ ಸುರಂಗದಿಂದ ನೀರು ಬಿಟ್ಟ ಮೇಲೆ ನಮ್ಮ ಹೊಳೆ ಮೊದಲಿನಂತೆ ಬೇಸಿಗೆಯಲ್ಲಿ ಒಣಗುವುದಿಲ್ಲ, ನಿಜ. ಆದರೆ ಮೇಲಿನ ಊರುಗಳ ಮೋರಿ, ನಮ್ಮೂರಿನ ಹೊಸ ಹೊಸ ಬಚ್ಚಲು, ತೋಟಗಳಿಗೆ ಹೊಡೆಯುವ ಔಷಧಿ ಎಲ್ಲಕ್ಕೂ ಅದೇ ದಾರಿ. ಬೆಳಿಗ್ಗೆ ನೊರೆ ಏಳುತ್ತಿತ್ತು. ನೊರೆ ನೋಡಿ ನಮ್ಮವರು ಗಂಗಮ್ಮ ಹಾಲುಕ್ಕಿಸಿದ್ದಾಳೆ ಎಂದರು. ಇಂಥವರ ನಡುವೆ ಬದುಕಿದ್ದೇನೆ ನೋಡಿ.

ಆಗಲೇ ನೀರಿನ ಪರೀಕ್ಷೆಯ ಹುಡುಗಿ ಜೀಪಿನಲ್ಲಿ ಬಂದದ್ದು. ತರೀಕೆರೆ ಕಡೆಯವಳಂತೆ, ತೆಳ್ಳಗೆ, ಪೆಟ್ಟಿಗೆ ತುಂಬ ಖಾಲಿ ಬಾಟಲಿ. ನಮ್ಮ ಮನೆ ಎದುರಿನ ಅರಳಿಕಟ್ಟೆಯ ಮೇಲೆ ಕೂತವರನ್ನು ಮೂರು ಪ್ರಶ್ನೆ ಕೇಳಿದಳು, ನಾನು ಜಗಲಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ. ಉತ್ತರ ಹೇಳಲು ಊರ ಯಜಮಾನ ರುದ್ರಣ್ಣ ಮುಂದೆ ಬಂದ. ನನ್ನ ಮೈದುನನೇ. ಹಣೆಯ ವಿಭೂತಿ ಒಂದು ಫರ್ಲಾಂಗಿನಿಂದ ಕಾಣುತ್ತದೆ.

"ಹೊಳೇಲಿ ಸ್ನಾನ ಮಾಡ್ತಾರಾ? ಮಕ್ಕಳು ಈಜ್ತಾರಾ?"

"ಓ, ದಿನಾ."

"ಮೀನು ಇದಾವಾ? ಸಾಯ್ತಾ ಇದಾವಾ?"

"ದೇವರ ಮೀನು ಕಣಮ್ಮಾ, ಯಾಕ್ ಸಾಯ್ತಾವೆ" ಎಂದ ರುದ್ರಣ್ಣ. ಹಿಂದಿನ ಬೇಸಿಗೆಯಲ್ಲಿ ಹೊಟ್ಟೆ ಮೇಲಾಗಿ ತೇಲಿದ ದೇವರ ಮೀನನ್ನು ಮಂಕರಿಯಲ್ಲಿ ತುಂಬಿಸಿ ಹೂಳಿಸಿದವನು ಅವನೇ.

"ಈ ಮೀನನ್ನ ಯಾರಾದ್ರೂ ತಿಂತಾರಾ?"

ಕಟ್ಟೆಯ ಮೇಲಿದ್ದವರೆಲ್ಲ ತಮ್ಮ ತಮ್ಮ ಕಾಲಿನ ಬೆರಳು ನೋಡಿಕೊಂಡರು. "ಶಿವಶಿವಾ" ಎಂದ ರುದ್ರಣ್ಣ, "ನಮ್ಮೂರಲ್ಲಿ ಮೀನು ಅಂದ್ರೆ ಬಾಯಿ ತೊಳ್ಕಂತೀವಿ."

"ಹಂಗಾದ್ರೆ ನಂಗೂ ಕೆಲಸ ಕಡಿಮೆ ಆಯ್ತು. ತಿನ್ನೋರಿದ್ರೆ ಮೀನನ್ನೇ ಹಿಡಿದು ಲ್ಯಾಬಿಗೆ ಕಳಿಸ್ಬೇಕಿತ್ತು. ಈಗ ಬರೀ ನೀರು ತಗೊಂಡು ಹೋಗ್ತೀನಿ" ಎಂದಳು ಹುಡುಗಿ.

ನಾನು ಓದಿದ್ದು ಕಮ್ಮಿ. ಮೂರನೇ ಕ್ಲಾಸಿನಲ್ಲಿದ್ದಾಗ ಮನೆಯ ಎಮ್ಮೆ ಕರು ಹಾಕಿತು, ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು. ನೀರಿನ ವಿಷಯದಲ್ಲಿ ನನಗಿದ್ದ ಪಾಠ ನಮ್ಮತ್ತೆಯದು. ಬೇಳೆ ಬೆಂದರೆ ಒಳ್ಳೇ ನೀರು, ಬೇಯದಿದ್ದರೆ ಕೆಟ್ಟ ನೀರು. ಸಖರಾಯಪಟ್ಟಣದ ನೆಂಟರ ಮನೆಯ ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯಲಿಲ್ಲವೆಂದು ಆ ನೆಂಟಸ್ತಿಕೆಯನ್ನೇ ನಮ್ಮತ್ತೆ ಹಗುರಾಗಿ ಕಂಡವಳು. ಅದೇ ಪಾಂಡಿತ್ಯದಲ್ಲಿ ನಾನು ಹುಡುಗಿಗೆ ಹೇಳಿದೆ, "ಅಲ್ಲಾ ಕಣವ್ವಾ, ಈ ನೀರಲ್ಲಿ ಬೇಳೆ ಬೆಣ್ಣೆಯಂಗೆ ಬೇಯ್ತದೆ. ಇನ್ನೇನು ಪರೀಕ್ಷೆ?"

ಅವಳು ನಗಲಿಲ್ಲ. ನಕ್ಕಿದ್ದರೆ ನಾನು ಎದ್ದು ಹೋಗುತ್ತಿದ್ದೆ. "ಬೇಳೆ ಬೇಯೋದು ಬೇರೆ ಅಜ್ಜಿ. ಮೈ ತೊಳ್ಯೋಕೆ ಆಗೋ ನೀರು, ಮೀನು ಬದುಕೋಕೆ ಆಗೋ ನೀರು, ಆ ಮೀನು ತಿನ್ನೋಕೆ ಆಗೋ ನೀರು, ಮೂರೂ ಬೇರೆ ಬೇರೆ. ಮೀನು ಚೆನ್ನಾಗೇ ಓಡಾಡ್ಕೊಂಡಿರುತ್ತೆ. ನೀರಲ್ಲಿ ಚೂರೇ ಚೂರು ಇರೋ ವಿಷ ಅದರ ಮೈಯೊಳಗೆ ಕೂಡ್ತಾ ಹೋಗುತ್ತೆ. ಬೇಯ್ಸಿದ್ರೂ ಹೋಗಲ್ಲ. ಬಸುರಿ ತಿಂದ್ರೆ ಹೊಟ್ಟೇಲಿರೋ ಕೂಸಿಗೂ ಹೋಗುತ್ತೆ."

ಅವಳು ಬಾಟಲಿ ಎತ್ತಿಕೊಂಡು ಎದ್ದಳು. ನನ್ನ ಕಣ್ಣಿಗೆ ನಸ್ರೀನಳ ತಟ್ಟೆ ಕಂಡಿತು. ಈ ವಿಭೂತಿ ಮಹಾಶಯರ ಮಾನ ಉಳಿಸಲು ಆ ಬಸುರಿ ಏನು ತಿನ್ನುತ್ತಿದ್ದಾಳೆಂಬುದು ಯಾರಿಗೂ ಗೊತ್ತಾಗದೆ ಹೋಗಬೇಕೇ?

"ತಿಂತಾರೆ, ಬರ್ಕಳವ್ವ" ಎಂದೆ.

"ಅತ್ತಿಗೆ, ನೀನು ಒಳಕ್ಕೋಗು" ಎಂದ ರುದ್ರಣ್ಣ.

"ಕಲ್ಲಿನ ಕೆಳಗೆ ಮಾಬೂಬಿ ಮನೇಲಿ ತಿಂತಾರೆ. ಬಸುರಿ ಹುಡುಗಿ ದಿನಾ ತಿಂತಾಳೆ."

ಕಟ್ಟೆಯ ತುಂಬ ನೆಮ್ಮದಿಯ ಉಸಿರು. "ಓ, ಅವ್ರಾ. ಅವ್ರು ತಿಂತಾರೆ ಬಿಡಮ್ಮಾ. ಅದು ಊರಾಚೆ, ತೋಟ. ನಮ್ಮೂರ ಲೆಕ್ಕಕ್ಕೆ ಬರಲ್ಲ" ಎಂದ ರುದ್ರಣ್ಣ. ಮಠದ ಹಂಡೆಗೆ ಕಲಾಯಿ ಹಾಕುವಾಗ ಲೆಕ್ಕಕ್ಕೆ ಬರುತ್ತಿದ್ದ ಮನೆ ಅದು.

ಹುಡುಗಿಗೆ ಸಂಕಟವಾಯಿತು. "ಒಂದೇ ಮನೆ ಅಂದ್ರೆ ನಮ್ಮ ಮೇಲಿನೋರು ಒಪ್ಪಲ್ಲ ಅಜ್ಜಿ. ಊರೊಳಗೆ ಬೇರೆ ಯಾರೂ ಇಲ್ವಾ?"

"ಇದಾರೆ. ಮೊದ್ಲು ನಮ್ಮನೆ ಬರ್ಕೋ. ಆಮೇಲೆ ಇವನ ಮನೆ."

ರುದ್ರಣ್ಣನ ಮುಖ ಅವನ ವಿಭೂತಿಯ ಬಣ್ಣಕ್ಕೆ ತಿರುಗಿತು. ಈಗ ಅವನು ಇಲ್ಲವೆನ್ನುತ್ತಾನೆ, ನಾನು ಜಗಳಕ್ಕೆ ನಿಲ್ಲಬೇಕಾಗುತ್ತದೆ ಎಂದು ಸೆರಗು ಸಿಕ್ಕಿಸಿಕೊಂಡೆ. ನಮ್ಮೂರಿನವರನ್ನು ನಾನಿನ್ನೂ ಸರಿಯಾಗಿ ಅಳೆದಿರಲಿಲ್ಲ. "ನಮ್ಮನೇಲಿ ಹುಡುಗ್ರು ಯಾವಾಗ್ಲೋ ಒಂದ್ಸಲ ತಂದಿರಬೌದು" ಎಂದ ರುದ್ರಣ್ಣ, "ದಿನಾ ತಿನ್ನೋನು ಅಂಗಡಿ ಬಸಣ್ಣ. ಅವನನ್ನ ಬರ್ಕಳಮ್ಮ."

"ನಾನಾ?" ಎಂದು ಬಸಣ್ಣ ಎದ್ದು ನಿಂತ. "ಲೇ ರುದ್ರಾ, ಈ ಊರಿಗೆ ಸಾಂಬ್ರಾಣಿ ಮಾರೋನು ನಾನು. ಯಾರ್ ಮನೆಗೆ ಎಷ್ಟೆಷ್ಟು ಹೋಯ್ತದೆ ಅಂತ ಹೇಳ್ಲಾ?"

ಹೇಳಿಯೇ ಬಿಟ್ಟ. ಅವನು ಯಾರ ಹೆಸರು ಹೇಳಿದನೋ ಅವರು ಮತ್ತೊಬ್ಬರ ಹೆಸರು ಹೇಳಿದರು. ತಾನು ತಿನ್ನುತ್ತೇನೆಂದು ಒಬ್ಬನೂ ಒಪ್ಪಲಿಲ್ಲ, ಪಕ್ಕದವನು ತಿನ್ನುತ್ತಾನೆಂದು ಹೇಳದೆ ಒಬ್ಬನೂ ಬಿಡಲಿಲ್ಲ. ಹುಡುಗಿ ಬರೆದುಕೊಳ್ಳುವಷ್ಟರಲ್ಲಿ ಊರಿನ ಮಾನವೆಲ್ಲ ಕಾಗದಕ್ಕೆ ಇಳಿದಿತ್ತು. ಆಮೇಲೆ ಖಲೀಲ ಕಲ್ಲಿನ ಕೆಳಗೆ ಬಲೆ ಬೀಸಿ ಮೀನು ಹಿಡಿದುಕೊಟ್ಟ, ಅವಳು ಐಸು ತುಂಬಿದ ಡಬ್ಬಿಯಲ್ಲಿಟ್ಟುಕೊಂಡು ಹೋದಳು.

ಒಂದೆರಡು ವಾರ ಬಿಟ್ಟು ಅವಳೇ ಬಂದು ಫಲಿತ ಹೇಳಿದಳು. ಈಜಬಹುದು, ನೀರು ಬಾಯಿಗೆ ಹೋಗಬಾರದು, ಮಳೆ ಬಿದ್ದ ಮಾರನೇ ದಿನ ಇಳಿಯಲೇಬಾರದು. ಮೀನು ಬದುಕುತ್ತದೆ, ಬೇಸಿಗೆಯಲ್ಲಿ ಉಸಿರುಕಟ್ಟುತ್ತದೆ. ತಿನ್ನುವುದು ಬೇಡ. ಬಸುರಿಯರು, ಹಾಲುಣಿಸುವವರು, ಚಿಕ್ಕ ಮಕ್ಕಳು ಮುಟ್ಟಲೂ ಬೇಡ. ಹೊಳೆದಂಡೆಯಲ್ಲಿ ಇದನ್ನೇ ಬರೆದು ಬೋರ್ಡು ನೆಟ್ಟರು.

ನಾನು ಏನೋ ಉಪಕಾರ ಮಾಡಿದೆನೆಂದು ಮಾಬೂಬಿಯ ಮನೆಗೆ ಹೋದರೆ ಅವಳು ಬಾಗಿಲಲ್ಲೇ ನಿಲ್ಲಿಸಿದಳು. "ಬಾಯಿ ಮುಚ್ಕಂಡಿದ್ದಿದ್ರೆ ತಿನ್ಕಂಡಿದ್ವಿ. ಈಗ ಹುಡುಗಿಗೆ ಏನ್ ಹಾಕ್ಲಿ, ನಿಮ್ ಮಠದ ಮಂಡಕ್ಕಿನಾ?"

"ವಿಷ ಹಾಕೋದಕ್ಕಿಂತ ಮಂಡಕ್ಕಿ ವಾಸಿ" ಎಂದೆ. ನನಗೆ ಸಮಾಧಾನ ಹೇಳಲು ಬರುವುದಿಲ್ಲ. ದಿನಾ ಹಾಲು ಕಳಿಸಿದೆ. ಪಾತ್ರೆ ವಾಪಸು ಬಂತು, ಮಾತು ಬರಲಿಲ್ಲ.

ಊರಿನವರಿಗೆ ಮಾತ್ರ ಹಬ್ಬ. "ನೋಡಿದ್ರಾ, ನಮ್ ಹಿರೀಕರು ಮೀನು ಬೇಡ ಅಂದಿದ್ದು ಸುಮ್ನೆ ಅಲ್ಲ, ಈಗ ಸೈನ್ಸೂ ಅದನ್ನೇ ಹೇಳ್ತು" ಎಂದು ರುದ್ರಣ್ಣ ಕಟ್ಟೆಯ ಮೇಲೆ ಉಪನ್ಯಾಸ ಕೊಟ್ಟ. ಆ ವಾರದಿಂದ ಅವನ ಮಗ ಕಡೂರಿನಿಂದ ಹಾಲಿನ ಕ್ಯಾನಿನಲ್ಲಿ ಸಮುದ್ರದ ಮೀನು ತರುತ್ತಾನೆ. ಇವತ್ತಿನ ಸಾಂಬ್ರಾಣಿಯೂ ಅವನ ಮನೆಯದೇ. ದುಡ್ಡಿದ್ದವರು ಹೊಳೆಯ ಮೀನು ಬಿಟ್ಟು ಸಮುದ್ರ ಹಿಡಿದರು. ಹೊಳೆ ಹೇಗಿತ್ತೋ ಹಾಗೇ ಇದೆ. ನೀರು ಕೆಟ್ಟಿದ್ದಕ್ಕೆ ನಮ್ಮ ಜನ ಮಾಡಿದ ಚಿಕಿತ್ಸೆ ಒಂದು ಬೋರ್ಡು.

ನಸ್ರೀನ್ ಹೆತ್ತಳು, ಹೆಣ್ಣು ಕೂಸು. ಹೆತ್ತವಳು ಅಜ್ಜಿಯ ಮನೆಯಲ್ಲೇ ಉಳಿದಳು. ಈಗ ಅದು ಓಡುತ್ತದೆ, ನಮ್ಮ ಕೋಳಿಗಳನ್ನು ಅಟ್ಟುತ್ತದೆ, ನನ್ನನ್ನು ಬೈಯುವುದನ್ನೂ ಮುತ್ತಜ್ಜಿಯಿಂದ ಕಲಿತಿದೆ. ಮೀನು ಬಿಡಿಸಿದ್ದಕ್ಕೆ ಗಟ್ಟಿಯಾಗಿದೆಯೋ, ಬಿಡಿಸದಿದ್ದರೂ ಹೀಗೇ ಇರುತ್ತಿತ್ತೋ, ಹೇಳುವವರು ಯಾರು? ಮಾಬೂಬಿಯನ್ನು ಕೇಳಿದರೆ, "ಸೊಪ್ಪು ತಿಂದು ಹೆತ್ತಳು ನನ್ ಹುಡುಗಿ, ನಿನ್ ದೆಸೆಯಿಂದ" ಎನ್ನುತ್ತಾಳೆ. ಕೂಸು ನಡೆಯಲು ಕಲಿತು ನನ್ನ ಅಂಗಳಕ್ಕೆ ನುಗ್ಗಿದ ಮೇಲೆ ಅದನ್ನು ಹಿಡಿದು ಒಯ್ಯಲಾದರೂ ಅವಳು ಬರಬೇಕಾಯಿತು, ಬಂದವಳು ಮಾತಾಡಬೇಕಾಯಿತು.

ಪರೀಕ್ಷೆಯ ಹುಡುಗಿ ಬರುವ ವಾರ ಮತ್ತೆ ಬರುತ್ತಾಳಂತೆ. ಅವತ್ತು ಅತ್ತಿಗೆ ಮನೆಯಲ್ಲೇ ಇರಲಿ ಎಂದು ರುದ್ರಣ್ಣ ಹೇಳಿಕಳಿಸಿದ್ದಾನೆ. ಈ ಸುದ್ದಿಯನ್ನು ಮೊನ್ನೆ ಮಾಬೂಬಿಗೆ ಹೇಳಿದೆ. ಅವಳು ಕೂಸಿನ ಮೂಗು ಒರೆಸುತ್ತ, "ಯಾರು ಮುಳುಗ್ತಾರೆ, ಯಾರು ತಿಂತಾರೆ ಅಂತ ಕೇಳಿದ್ಳಲ್ಲ, ಹೊಳೆಗೆ ಕೊಳೆ ಯಾರು ಸುರೀತಾರೆ ಅಂತ ಕೇಳೋಕೆ ಅವಳ ಕಾಗದದಲ್ಲಿ ಕಾಲಂ ಇದೆಯೇನಕ್ಕ?" ಎಂದಳು.

"ಇಲ್ದಿದ್ರೆ ಹಾಕಿಸ್ತೀನಿ."

"ನಾನೂ ಬತ್ತೀನಿ. ಊರಾಚೆಯೋಳು ಅಂದ್ರೆ ಅಂದ್ಕಳ್ಳಿ."

ಆ ಪ್ರಶ್ನೆ ಒಂದು ಸಲ ಕೇಳಿದರೆ ಸಾಕು. ತನ್ನ ಬಚ್ಚಲಿನ ಪೈಪು ಹೊಳೆಗಿದೆ ಎಂದು ಒಬ್ಬನೂ ಒಪ್ಪುವುದಿಲ್ಲ, ಉಳಿದವರ ಪೈಪು ಎಲ್ಲೆಲ್ಲಿ ಬಾಯಿ ಬಿಡುತ್ತದೆಂದು ಎಲ್ಲರೂ ಬೆರಳು ತೋರಿಸುತ್ತಾರೆ. ಅದಕ್ಕೇ ನಿನ್ನೆ ಖಲೀಲನನ್ನು ಕರೆಸಿ ಹೊಳೆಗೆ ಹೋಗುತ್ತಿದ್ದ ನಮ್ಮ ಬಚ್ಚಲಿನ ಪೈಪು ಕೀಳಿಸಿ, ಗುಂಡಿ ತೋಡಿಸಿ, ನೀರನ್ನು ಹಿತ್ತಿಲಿನ ತೆಂಗಿನ ಬುಡಕ್ಕೆ ತಿರುಗಿಸಿದೆ. ಪುಣ್ಯ ಬರಲಿ ಎಂದಲ್ಲ. ಈ ಸಲ ರುದ್ರಣ್ಣ ಮೊದಲು ಹೇಳುವ ಹೆಸರು ನನ್ನದೇ.