ದುಭಾಷಿ ಬೇಡ

2016ರಲ್ಲಿ ಹೆಂಡತಿಗೆ ಲಕ್ವ ಹೊಡೆದು ಮಾತು ನಿಂತಿತು. ಆಮೇಲೆ ನಾನು ಮಾಡಿದ ಮುಖ್ಯ ಕೆಲಸವೆಂದರೆ ಫಾರಂ ತುಂಬಿದ್ದು. ಹುಟ್ಟು ಅಂಜುಬುರುಕ ನಾನು. ಪ್ರತಿ ಫಾರಂ ಮೂರು ಸಲ ಓದಿ, ಸಹಿ ಮಾಡಿದ ಮೇಲೆ ಇನ್ನೊಮ್ಮೆ ಓದುತ್ತೇನೆ. ನಾವು ಬಂದು ನೆಲೆಸಿದ ಈ ಪರದೇಶದ ಊರು ಇಸ್ಸಾಕ್ವಾದ ಸ್ಪೀಚ್ ಥೆರಪಿಯವರ ಫಾರಂನಲ್ಲಿ ಒಂದು ಪ್ರಶ್ನೆಯಿತ್ತು: ದುಭಾಷಿ ಬೇಕೆ? ಬೇಡ ಎಂದು ಗುರುತು ಹಾಕಿದೆ. ಹುಬ್ಬಳ್ಳಿ ಬಿಟ್ಟು ಹದಿನೈದು ವರ್ಷವಾದ ಮೇಲೆ ನಮಗೆ ದುಭಾಷಿಯೆ? ಅಲ್ಲದೆ, ಬರುವವರು ನಮ್ಮ ಕನ್ನಡ ಬಳಗದವರೇ ಆಗಿಬಿಟ್ಟರೆ ಸುದ್ದಿ ಸಂಜೆಯೊಳಗೆ ಪಕ್ಕದೂರು ನ್ಯೂಕ್ಯಾಸಲ್ ದಾಟಿ ದೂರದ ಮುಕಿಲ್ಟಿಯೊ ಮುಟ್ಟುತ್ತಿತ್ತು.

ಥೆರಪಿಸ್ಟ್ ತಾಳ್ಮೆಯ ಹೆಂಗಸು. ವಿಮೆಯವರು ಒಪ್ಪಿದ್ದು ಹನ್ನೆರಡು ಭೇಟಿಗೆ. ಸುಧಾರಣೆ ಕಂಡರೆ ಮಾತ್ರ ಮುಂದಕ್ಕೆ. ಎಂಟನೆಯ ಸಲ ಆಕೆ ಮೇಜಿನ ಮೇಲೆ ಒಂದು ಹಾಳೆ ಇಟ್ಟರು. ಮೇಲೆ ‘ರನ್’ ಎಂಬ ಒಂದೇ ಪದ, ಕೆಳಗೆ ನಾಲ್ಕು ಚಿತ್ರ: ಓಡುವ ಹುಡುಗ, ನೀರು ಸುರಿಯುವ ನಲ್ಲಿ, ಅಂಗಡಿ ನಡೆಸುವವಳು, ಚುನಾವಣೆಗೆ ನಿಂತವನು. ಇಂಗ್ಲಿಷಿನಲ್ಲಿ ಈ ನಾಲ್ಕಕ್ಕೂ ಅದೇ ಪದ; ಪ್ರತಿ ಚಿತ್ರಕ್ಕೂ ಅದನ್ನು ಹಾಕಿ ಒಂದು ವಾಕ್ಯ ಹೇಳಬೇಕು. ನಮ್ಮಲ್ಲಿ ಚುನಾವಣೆಗೆ ನಿಲ್ಲುತ್ತಾರೆ, ಇಲ್ಲಿ ಓಡುತ್ತಾರೆ. ನಾಲಿಗೆ ನೆಟ್ಟಗಿರುವ ನಾನೇ ಅಲ್ಲಿ ಎಡವುತ್ತೇನೆ.

“ಬಾಯ್... ರನ್” ಎಂದಳು ಹೆಂಡತಿ. ಥೆರಪಿಸ್ಟ್ ನಕ್ಕು ಗುರುತು ಹಾಕಿ, ನಲ್ಲಿಯ ಮೇಲೆ ಬೆರಳಿಟ್ಟರು. ಇವಳು ತಟ್ಟನೆ ನನ್ನ ಕಡೆ ತಿರುಗಿದಳು.

“ರೀ, ನಳ ಬಂದಾವು! ಕೊಡ ತರ್ರಿ!”

ಹುಬ್ಬಳ್ಳಿಯಲ್ಲಿ ವಾರಕ್ಕೊಮ್ಮೆ ನೀರು ಬಿಟ್ಟಾಗ ನಮ್ಮ ಓಣಿಗೆ ಓಣಿಯೇ ಕೂಗುತ್ತಿದ್ದ ಮಾತು. ನಾಲ್ಕು ತಿಂಗಳಲ್ಲಿ ಅವಳ ಬಾಯಿಂದ ಬಂದ ಮೊದಲ ಇಡೀ ವಾಕ್ಯ, ಒಂದಲ್ಲ, ಎರಡು. ಆ ಹಳೆಯ ಗಾಬರಿ ಕೂಡ ಹಾಗೇ ಇತ್ತು. ನಾನು ಎದ್ದು ಕುಣಿಯಬೇಕಿತ್ತು. ನನ್ನ ತಲೆಯಲ್ಲಿದ್ದದ್ದು ಉಳಿದ ನಾಲ್ಕು ಭೇಟಿ.

“ಏ, ಕನ್ನಡ ಬ್ಯಾಡ. ಇಂಗ್ಲಿಷ್‌ನ್ಯಾಗ ಹೇಳು. ರನ್ ಅನ್ನು, ರನ್.”

“ಏನಂದರು?” ಎಂದು ಥೆರಪಿಸ್ಟ್ ಕೇಳಿದರು.

“ಏನಿಲ್ಲ, ಏನೋ ಮನೆಯ ಮಾತು” ಎಂದೆ.

ಆಕೆ ನಲ್ಲಿಯ ಪಕ್ಕ ಸೊನ್ನೆ ಬರೆದರು.

ಹಾಳೆಯ ಪ್ರತಿಯನ್ನು ಫ್ರಿಜ್ಜಿಗೆ ಅಂಟಿಸಿ ದಿನಾ ಬೆಳಿಗ್ಗೆ ಪಾಠ ಮಾಡಿಸಿದೆ. ಅವಳ ಬಾಯಿ ಕನ್ನಡಕ್ಕೆ ತಿರುಗಿದರೆ ಸಾಕು, ಬೆರಳು ಎತ್ತಿ ತಡೆಯುತ್ತಿದ್ದೆ. ಒಂದೆರಡು ವಾರದಲ್ಲಿ ತಿರುಗುವುದೇ ನಿಂತಿತು.

ಹನ್ನೆರಡನೆಯ ಭೇಟಿಯ ನಂತರ ವರದಿ ಬಂತು: ಹೇಳಿಕೊಳ್ಳುವಂಥ ಸುಧಾರಣೆ ಇಲ್ಲ. ಅದನ್ನೂ ಮೂರು ಸಲ ಓದಿದೆ. ನಾಲ್ಕನೆಯ ಸಲ ಕೆಳಗಿನ ಸಾಲು ಕಣ್ಣಿಗೆ ಬಿತ್ತು: ದುಭಾಷಿ ಬೇಡವೆಂದು ಕುಟುಂಬದವರು ತಿಳಿಸಿದ್ದಾರೆ.

ಅವಳನ್ನು ಕೈಹಿಡಿದು ಅಡುಗೆಮನೆಗೆ ಕರೆದೊಯ್ದೆ. ನಲ್ಲಿಯನ್ನು ಪೂರ್ತಿ ತಿರುಗಿಸಿ, ಮನೆಯಲ್ಲಿದ್ದ ದೊಡ್ಡ ಪಾತ್ರೆಯನ್ನು ಅದರ ಕೆಳಗೆ ಹಿಡಿದೆ.

“ನೋಡು, ಏನ್ ಬಂದಾವು? ಹೆಂಗಾರ ಹೇಳು, ನಿನಗ ಬಂದಂಗ ಹೇಳು.”

ನೀರನ್ನು ನೋಡಿದಳು. ಪಾತ್ರೆ ತುಂಬಿ ನನ್ನ ಮೊಣಕೈವರೆಗೆ ಹರಿಯಿತು.

“ರನ್” ಎಂದಳು. ಆಮೇಲೆ, ಸರಿಯಾಯಿತೇ ಎಂದು ನನ್ನ ಬೆರಳನ್ನೇ ನೋಡುತ್ತ ನಿಂತಳು.