ಬೇಡ ಅನ್ನಲು ಕಲಿತ ತೀರ್ಥಮ್ಮ

ಅಜ್ಜಂಪುರದ ಬಸ್ ಸ್ಟ್ಯಾಂಡ್ ಪಕ್ಕ ತೀರ್ಥಮ್ಮನ ಜೆರಾಕ್ಸ್ ಅಂಗಡಿ. ಮಾವನ ಕಾಲದಲ್ಲಿ ಅದು ದಿನಸಿ ಅಂಗಡಿ. ಹೊಸ್ತಿಲಿಗೆ ಬಂದವರಿಗೆ ಇಲ್ಲ ಅನ್ನಬಾರದು ಎಂಬುದು ಆ ಮನೆಯ ಕಟ್ಟಳೆ. ಉಪ್ಪು ಮುಗಿದಿದ್ದರೂ 'ನಾಳೆ ಬಾರಪ್ಪ' ಅನ್ನಬೇಕಿತ್ತು. ಗಂಡ ತೀರಿಕೊಂಡ ಮೇಲೆ ತಕ್ಕಡಿ ಹೋಗಿ ಕಂಪ್ಯೂಟರ್ ಬಂತು. ಕಟ್ಟಳೆ ಹಾಗೇ ಉಳಿಯಿತು.

ಕಂಪ್ಯೂಟರ್ ಕೆಟ್ಟದ್ದೇ ಅದರಿಂದ. ಬ್ರೌಸರ್ ತೆರೆದರೆ ಮೂಲೆಯಲ್ಲೊಂದು ಚೌಕ ಎದ್ದು ಸೂಚನೆ ಕಳಿಸಲೇ ಎಂದು ಕೇಳುತ್ತದೆ. ಕಳಿಸಪ್ಪ ಎಂದು ಒತ್ತುತ್ತಾಳೆ. ಇನ್ನೊಂದು ಪುಕ್ಕಟೆ ಕೂಪನ್ ತೋರಿಸಿ, ಬ್ರೌಸರಿನೊಳಗೇ ಇರಲೇ ಅನ್ನುತ್ತದೆ, ಇರು ಅನ್ನುತ್ತಾಳೆ. ಗಿರಾಕಿಯ ಪಾಸ್‌ವರ್ಡ್ ಉಳಿಸಿಕೊಳ್ಳಲೇ ಎಂದರೆ ಅದಕ್ಕೂ ಹೂಂ. ಅಪ್‌ಡೇಟ್ ಮಾಡು ಎಂದದ್ದಕ್ಕೆ ಮಾತ್ರ, ನಾಳೆ.

ಅದರ ಫಲ ಉಂಡವನು ಬುಕ್ಕಾಂಬುಧಿಯ ಗಿರಿಯಪ್ಪ. ಹೋದ ವರ್ಷ ತೆಂಗಿನ ಸಸಿಗೆ ಹನಿ ನೀರಿನ ಪೈಪು ಬೇಕೆಂದು ಸರ್ಕಾರಕ್ಕೆ ಅರ್ಜಿ ಹಾಕಲು ಬಂದಿದ್ದ. ಮೊದಲು ಬಂದವರಿಗೆ ಮೊದಲು. ತಾಲ್ಲೂಕು ಕಚೇರಿ ಮುಂದೆ ರೈತರು ಬಿಸಿಲಲ್ಲಿ ಕೂತು ಗಂಟಲು ಹರಿದುಕೊಂಡು ದಕ್ಕಿಸಿಕೊಂಡ ಸವಲತ್ತೂ ಈಗ ಈ ಪರದೆಯ ಕಿಂಡಿಯಲ್ಲೇ ತೂರಿ ಬರಬೇಕು. ಹತ್ತು ಗಂಟೆಗೆ ತಿರುಗಲು ಶುರುವಾದ ಚಕ್ರ ನಿಂತದ್ದು ಹನ್ನೊಂದೂವರೆಗೆ. ಅಷ್ಟರಲ್ಲಿ ಕೋಟಾ ಮುಗಿದಿತ್ತು. 'ಹೋಗ್ಲಿ ಬಿಡವ್ವ' ಎಂದು ಟವೆಲ್ ಕೊಡವಿ ಎದ್ದ. ಆ ಬೇಸಿಗೆ ಪೂರಾ ಗಂಡ ಹೆಂಡತಿ ಅರವತ್ತು ಸಸಿಗೆ ಕೊಡದಲ್ಲಿ ನೀರು ಹೊತ್ತರೆಂದು ಕೇಳಿದಾಗ, ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಅವಳಿಗೆ.

ಈ ಸಲವೂ ಅವನು ಇಲ್ಲಿಗೇ ಬಂದ. ತರೀಕೆರೆಗೆ ಹೋಗಬಹುದಿತ್ತು, ಹೋಗಲಿಲ್ಲ. "ನಾಳೆ ಹತ್ ಗಂಟೆಗಂತೆ ಕಣವ್ವ" ಎಂದು ಕಾಗದ ಮುಂದಿಟ್ಟ. ತೀರ್ಥಮ್ಮ ಕಂಪ್ಯೂಟರಿನ ಕಡೆ ನೋಡಿದಳು. ಬಾಯಿಂದ ಬಂದದ್ದು ಮಾತ್ರ, "ಆಗ್ಲಿ ಬಾರಣ್ಣ."

ಅವತ್ತು ಮಧ್ಯಾಹ್ನವೇ ಪಿಂಚಣಿ ಕಾಗದದ ಜೆರಾಕ್ಸಿಗೆ ರುದ್ರಮೂರ್ತಿ ಬಂದರು. ಶಿವನಿ ಸ್ಟೇಷನ್ನಿನಲ್ಲಿ ಮೂವತ್ತು ವರ್ಷ ರೈಲಿಗೆ ಸಿಗ್ನಲ್ ಕೊಟ್ಟವರು. ಕೊನೆಕೊನೆಗೆ ಕಂಪ್ಯೂಟರಿನಲ್ಲೂ ಪಳಗಿದವರು. ಅವಳು ಕಷ್ಟ ಹೇಳಿಕೊಂಡಳು. ಅವರು ಕನ್ನಡಕ ಏರಿಸಿ ನೋಡಿದರು.

"ಏನಮ್ಮ ಇದು, ಬಂದ ಗಾಡಿಗೆಲ್ಲ ಲೈನ್ ಕ್ಲಿಯರ್ ಕೊಟ್ಟು ಕೂತಿದೀಯ. ನಿನ್ ರೈಲು ಎಲ್ಲಿಂದ ಬರ್ಬೇಕು?"

"ಕೇಳಿದ್ವು, ಕೊಟ್ಟೆ ರುದ್ರಣ್ಣ. ಬಾಗ್ಲಿಗೆ ಬಂದೋರ್ನ ಹೆಂಗೆ ಅಟ್ಟೋದು?"

"ಇವ್ರೇನು ನಿನ್ ನೆಂಟ್ರಾ? ಈ ಪುಕ್ಸಟ್ಟೆ ಕೂಪನ್ನೋನ್ನ ನೋಡು. ನೀನು ಒತ್ತೋದೆಲ್ಲ ನೋಡ್ತೀನಿ ಅಂತ ಬರ್ಕೊಟ್ಟೇ ಒಳಗ್ ಬಂದವ್ನೆ. ನೀನು ಮಣೆ ಹಾಕಿದೀಯ. ಊರೋರ ಪಾಸ್‌ವರ್ಡೆಲ್ಲ ಅವನ ಮುಂದೆನೇ ಹರಡಿದೀಯ."

ತೀರ್ಥಮ್ಮ ಮುಖ ತಗ್ಗಿಸಿದಳು. ರುದ್ರಮೂರ್ತಿ ತಾವು ಮೌಸ್ ಮುಟ್ಟಲಿಲ್ಲ. ಅವಳ ಕೈಯಿಂದಲೇ ಒಂದೊಂದನ್ನೂ ಕೀಳಿಸಿದರು, ಪಾಸ್‌ವರ್ಡ್ ಅಳಿಸಿ ಹಾಕಿಸಿದರು, ಬಾಕಿ ಬಿದ್ದ ಅಪ್‌ಡೇಟ್ ಹಾಕಿಸಿದರು. "ಎಲ್ರಿಗೂ ಹೇಳು, ಪಾಸ್‌ವರ್ಡ್ ಬದ್ಲಾಯಿಸ್ಕೊಳ್ಳಿ ಅಂತ."

"ಬೈತಾರೆ."

"ಬೈಸ್ಕೊ."

ಕಾಫಿಗೂ ನಿಲ್ಲದೆ, ಜೆರಾಕ್ಸಿನ ಕಾಸು ಮೇಜಿನ ಮೇಲಿಟ್ಟು ಹೊರಟರು.

ಮರುದಿನ ಹತ್ತಕ್ಕೆ ಪುಟ ತಟ್ಟನೆ ತೆರೆಯಿತು. ಅರ್ಧ ತುಂಬುವಷ್ಟರಲ್ಲಿ ಮೂಲೆಯಲ್ಲಿ ಮತ್ತೆ ಚೌಕ: ಸೂಚನೆ ಕಳಿಸಲೇ? ತೀರ್ಥಮ್ಮನ ಬೆರಳು ಒಂದು ಗಳಿಗೆ ತಡೆಯಿತು. ಮಾವ ನೆನಪಾದರು. ಬೇಡ ಎಂದು ಒತ್ತಿದಳು. ಚೌಕ ಮುನಿಸಿಕೊಳ್ಳದೆ ಹೋಯಿತು. ಗಿರಿಯಪ್ಪನ ಫೋನಿಗೆ ಬಂದ ಓಟಿಪಿ ಹಾಕಿದಳು. ಹತ್ತೂ ಏಳಕ್ಕೆ ಸ್ವೀಕೃತಿ ಪತ್ರ ಪ್ರಿಂಟರಿನಿಂದ ಬಿಸಿಬಿಸಿಯಾಗಿ ಇಳಿಯಿತು.

"ಆಗೇಹೋಯ್ತಾ? ಒಂದ್ ಟೀ ಕುಡಿಯೋಕೂ ಬಿಡ್ಲಿಲ್ವಲ್ಲವ್ವ" ಎಂದ ಗಿರಿಯಪ್ಪ.

ಅವಳು ನಿನ್ನೆಯಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿದಳು. "ಹೋದ್ಸಲ ಹಂಗಾದ್ರೂ ಯಾಕಣ್ಣ ಇಲ್ಲಿಗೇ ಬಂದೆ?"

"ಬ್ಯಾರೆ ಅಂಗ್ಡೀಲಿ ಮೊದ್ಲೇ ಇಲ್ಲ ಅಂತಾರೆ. ನೀನು ಅನ್ನಲ್ಲ." ಕಾಗದ ಮಡಚಿ ಜೇಬಿಗಿಟ್ಟ. "ಪಾಸ್‌ವರ್ಡ್ ನಿನ್ ತಾವ್ಲೇ ಇರ್ಲಿ, ನಂಗೆ ನೆಪ್ಪಿರಲ್ಲ."

"ಇಲ್ಲ ಕಣಣ್ಣ" ಎಂದಳು ತೀರ್ಥಮ್ಮ. ಪಾಸ್‌ವರ್ಡನ್ನು ಚೀಟಿಯೊಂದರಲ್ಲಿ ಅವನಿಂದಲೇ ಬರೆಸಿ, ಅದೇ ಜೇಬಿಗೆ ತುರುಕಿಸಿ, ಟೀ ತರಿಸಿದಳು.