ಬೀಡಿ ಕಟ್ಟುವ ಕೈ ನಿಂತಲ್ಲಿ

ಅಕ್ಕನ ಕನ್ನಡಕದ ಮುರಿದ ಕಡ್ಡಿಯನ್ನು ಬೀಡಿ ಕಟ್ಟುವ ಕೆಂಪು ನೂಲು ಹಿಡಿದುಕೊಂಡಿತ್ತು. ಹೊಸದು ಮಾಡಿಸಿ ಎಂದರೆ, "ಇದಕ್ಕೆ ಏನಾಗಿದೆ ಮಾರಾಯ್ತಿ, ಕಾಣ್ತದಲ್ಲ?" ಎನ್ನುತ್ತಿದ್ದರು. ಅಕ್ಕ ಎಂದು ಕರೆಯುತ್ತಿದ್ದರೂ ಅವರು ಪುಂಜಾಲಕಟ್ಟೆಯಲ್ಲಿ ನಮ್ಮ ಪಕ್ಕದ ಮನೆಯವರು. ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಜಾಲತಾಣಗಳಿಗೆ ಲೇಖನ ಬರೆಯುವುದು ಅವರ ಕಸುಬು. ನನ್ನನ್ನು ಆ ಕಸುಬಿಗೆ ಹಚ್ಚಿದವರೂ ಅವರೇ.

ಬರೆದದ್ದನ್ನು ಹಾಗೇ ಕಳಿಸಲು ಅಕ್ಕ ಬಿಡುತ್ತಿರಲಿಲ್ಲ. ಮೊದಲು ಅವರ ಅಮ್ಮನ ಎದುರು ಗಟ್ಟಿಯಾಗಿ ಓದಬೇಕು. ಅಮ್ಮ ಮೊರವನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಾ ಕೇಳುವವರು. ಮನೆಮಾತು ತುಳುವಾದರೂ ಕನ್ನಡ ಚೆನ್ನಾಗಿಯೇ ತಿಳಿಯುತ್ತಿತ್ತು. ವಾಕ್ಯ ಸಿಕ್ಕಾದಲ್ಲಿ ಅವರ ಕೈ ತನ್ನಷ್ಟಕ್ಕೇ ನಿಲ್ಲುತ್ತಿತ್ತು. ಅಕ್ಕ ನೋಡುತ್ತಿದ್ದದ್ದು ಆ ಕೈಯನ್ನೇ.

"ನಿಂತಿತು ನೋಡು. ಅಲ್ಲಿ ನೀನು ದೊಡ್ಡಸ್ತಿಕೆ ತೋರಿಸಿದ್ದಿ. ಸರಿ ಮಾಡುವ."

ಯಾವ ಸಂಪಾದಕರಿಗೂ ಹೆದರದ ನಾನು ಆ ಕೈಗೆ ಹೆದರುತ್ತಿದ್ದೆ.

ಬರೆದದ್ದನ್ನು ಕಾಯುವುದರಲ್ಲೂ ಅವರದು ಅಷ್ಟೇ ಹಟ. ಕರಡನ್ನು ಲ್ಯಾಪ್‌ಟಾಪಿನಲ್ಲಿ ಮಾತ್ರ ಇಡಬಾರದು, ನಮ್ಮ ಮೇಲ್‌ಗೂ ಕಳಿಸಿಕೊಳ್ಳಬೇಕು. ಪ್ರಕಟವಾದ ದಿನವೇ ಪುಟವನ್ನು ಉಳಿಸಿಕೊಳ್ಳಬೇಕು. ಜಾಲತಾಣ ಯಾವಾಗ ಬಾಗಿಲು ಹಾಕುತ್ತದೋ ಹೇಳಲಾಗದು. ಇದೆಲ್ಲಕ್ಕಿಂತ ಮೊದಲು, ಲೇಖನಕ್ಕೆ ನಮ್ಮ ಹೆಸರು ಹಾಕುತ್ತೀರೋ ಇಲ್ಲವೋ ಎಂದು ಬರವಣಿಗೆಯಲ್ಲೇ ಕೇಳಿಕೊಳ್ಳಬೇಕು.

ಒಮ್ಮೆ ಮೂಡುಬಿದಿರೆಯ ಬಸದಿ ಕಂಬಗಳ ಬಗ್ಗೆ ನಾನು ಬರೆದದ್ದು ಒಂದು ಜಾಲತಾಣದಲ್ಲಿ ಬೇರೆ ಯಾರದೋ ಹೆಸರಿನಲ್ಲಿ ಬಂತು. ಅಳುತ್ತಾ ಅಕ್ಕನಲ್ಲಿಗೆ ಓಡಿದೆ.

"ಅಳ್ಲಿಕ್ಕೆ ಆಮೇಲೆ ಪುರುಸೊತ್ತು ಉಂಟು. ಮೊದಲು ನೀನು ಕಳಿಸಿದ ಮೇಲ್ ತೆಗಿ."

ಬೈಗುಳವಿಲ್ಲದ ನಾಲ್ಕು ಸಾಲು ಬರೆಸಿ, ಹಳೆಯ ಕರಡಿನ ಜೊತೆ ಆ ಜಾಲತಾಣದವರಿಗೆ ಕಳಿಸಿದರು. ವಾರ ಕಳೆಯುವ ಮೊದಲೇ ಅಲ್ಲಿ ನನ್ನ ಹೆಸರು ಬಂತು. ಅಕ್ಕ ಗುರುವಾಯನಕೆರೆಯಿಂದ ಗೋಳಿಬಜೆ ಕಟ್ಟಿಸಿಕೊಂಡು ಬಂದು ನೆರೆಕರೆಗೆಲ್ಲ ಹಂಚಿದರು, ಗೆದ್ದವರು ತಾವೇ ಎಂಬ ಹಾಗೆ.

ಆದರೆ ಅವರ ಹೆಸರು ಎಲ್ಲೂ ಇರಲಿಲ್ಲ. ಅವರಿಂದ ಬರೆಸುತ್ತಿದ್ದ ಸಂಸ್ಥೆ, ಹೆಸರು ಕೇಳುವ ಹಾಗಿಲ್ಲ ಎಂದು ಮೊದಲೇ ಸಹಿ ಹಾಕಿಸಿಕೊಂಡಿತ್ತು. ಮನೆ ನಡೆಯಬೇಕಿತ್ತು, ಹಾಕಿದ್ದರು. ಕೇಳಿದರೆ, "ನನ್ನದು ಹೋಯ್ತು. ನಿನ್ನದು ಹೋಗ್ಬಾರ್ದು" ಎಂದು ನಕ್ಕುಬಿಡುತ್ತಿದ್ದರು.

ಕಳೆದ ಮಳೆಗಾಲ ಅಕ್ಕನಿಗೆ ಡೆಂಗ್ಯೂ ಬಂತು. ಆಸ್ಪತ್ರೆಯಲ್ಲಿ ನೋಡಲು ಹೋದಾಗ ಸ್ವರವೇ ಇರಲಿಲ್ಲ. ಆದರೂ ಪಿಸುದನಿಯಲ್ಲಿ ಕೇಳಿದರು: "ಹೊಸದನ್ನು ಅಮ್ಮನಿಗೆ ಓದಿದ್ಯಾ?"

ಇಲ್ಲವೆಂದೆ.

"ಓದು. ಅಮ್ಮ ಒಬ್ಬರೇ ಇದ್ದಾರೆ."

ಅಕ್ಕ ಮನೆಗೆ ಮರಳಲಿಲ್ಲ.

ತಿಂಗಳಾದ ಮೇಲೆ ಧೈರ್ಯ ಮಾಡಿ ಹೋದೆ. ಕೆಂಪು ನೂಲಿನ ಕನ್ನಡಕ ಕಿಟಕಿಯ ದಂಡೆಯಲ್ಲಿತ್ತು. ನನ್ನದನ್ನು ಓದಲು ಮನಸ್ಸಾಗಲಿಲ್ಲ. ಒಂದು ಎಣ್ಣೆ ಅಂಗಡಿಯ ಜಾಲತಾಣಕ್ಕೆ, ಮಕ್ಕಳ ತಲೆಗೆ ಎಣ್ಣೆ ತಿಕ್ಕುವ ಬಗ್ಗೆ ಅಕ್ಕ ಬರೆದಿದ್ದ ಲೇಖನವನ್ನು ಮೊಬೈಲಿನಲ್ಲಿ ತೆರೆದೆ. ಯಾರದೆಂದು ಹೇಳದೆ ಓದಿದೆ. ಅಮ್ಮ ಬೀಡಿ ಕಟ್ಟುತ್ತಲೇ ಇದ್ದರು. ಕೊನೆಯವರೆಗೂ ಕೈ ಎಲ್ಲೂ ನಿಲ್ಲಲಿಲ್ಲ. ನಾನು ಮುಗಿಸಿದ ಮೇಲೆ ನಿಂತಿತು.

"ಇದು ಅವಳದ್ದಲ್ವಾ?"

"ಹೌದಮ್ಮಾ."

"ಹೆಸರು ಬಿಟ್ಟೆಯಲ್ಲ. ಅದನ್ನೂ ಓದು ಮಗಾ."

ಪುಟದ ಕೆಳಗೆ ಅಂಗಡಿಯ ಹೆಸರಿತ್ತು. ನಾನು ಪರದೆಯನ್ನೇ ನೋಡುತ್ತಾ, ಅಲ್ಲಿಲ್ಲದ ಅಕ್ಕನ ಹೆಸರನ್ನು ಗಟ್ಟಿಯಾಗಿ ಓದಿದೆ. ಅಮ್ಮ ಇನ್ನೊಂದು ಎಲೆಯನ್ನು ಕೈಗೆ ತೆಗೆದುಕೊಂಡರು.